ಓದುಗರ ಪ್ರಶ್ನೆ, ನಮ್ಮ ಉತ್ತರ: ಜಪಾನಿನ ಹಳೆಯ ವಿಡಿಯೊ ಗೇಮ್‌ಗಳ ವಿಚಿತ್ರಗಳು

ಪ್ರಶ್ನೆ: ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ‘ಮೈನಸ್ ವರ್ಲ್ಡ್’ ಎಂಬ ಗುಪ್ತ ಹಂತವಿದೆ ಎನ್ನುತ್ತಾರೆ. ಅದಕ್ಕೆ ಕೊನೆಯೇ ಇಲ್ಲವೆಂದು ಕೆಲವರು ಹೇಳಿದರೆ, ಅಲ್ಲಿ ರಾಜಕುಮಾರಿ ತೇಲುತ್ತಿರುವುದನ್ನು ಕಂಡೆವು ಎಂದು ಮತ್ತೆ ಕೆಲವರು ಹೇಳುತ್ತಾರೆ. ಯಾರ ಮಾತನ್ನು ನಂಬಬೇಕು? ಅದನ್ನು ಬಚ್ಚಿಟ್ಟವರು ಯಾರು?

ಉತ್ತರ: ಇಬ್ಬರನ್ನೂ ನಂಬಬಹುದು, ಬಚ್ಚಿಟ್ಟವರು ಮಾತ್ರ ಯಾರೂ ಇಲ್ಲ. ನಿಂಟೆಂಡೊ 1985ರಲ್ಲಿ ಹೊರತಂದ ಈ ಆಟದ 1-2ನೇ ಹಂತದ (ಅಂದರೆ ಮೊದಲ ಲೋಕದ ಎರಡನೆಯ ಹಂತದ) ಕೊನೆಯಲ್ಲಿ, ಹೊರಹೋಗುವ ಕೊಳವೆಯ ಬಳಿ ಎಡಕ್ಕೆ ಮುಖಮಾಡಿಕೊಂಡು ಲೆಕ್ಕಾಚಾರದಿಂದ ಹಿಮ್ಮುಖವಾಗಿ ಜಿಗಿದರೆ ಮಾರಿಯೊ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾನೆ. ಹಾಗೆ ಸಿಕ್ಕಿದವನನ್ನು ಹೊರದಬ್ಬುವ ವ್ಯವಸ್ಥೆ ಆಟದಲ್ಲಿಯೇ ಇದೆ. ಆದರೆ ಅದು ಅವನನ್ನು ಬಂದ ದಾರಿಗೆ ತಳ್ಳುವ ಬದಲು ಗೋಡೆಯ ಮೂಲಕವೇ ಬಲಕ್ಕೆ ಸಾಗಿಸಿಬಿಡುತ್ತದೆ. ಗೋಡೆಯ ಆಚೆಗಿನ ಮೂರು ಕೊಳವೆಗಳು ಯಾವ ಯಾವ ಲೋಕಕ್ಕೆ ಒಯ್ಯಬೇಕೆಂಬ ಸಂಖ್ಯೆಗಳು ಪರದೆ ಸಾಕಷ್ಟು ಮುಂದೆ ಸರಿದ ಮೇಲಷ್ಟೇ ಸಿದ್ಧವಾಗುತ್ತವೆ. ಅದಕ್ಕೂ ಮೊದಲೇ ಅವಸರದಿಂದ ಎಡಬದಿಯ ಕೊಳವೆಗೆ ಇಳಿದರೆ, ಆಟವು ಬೇರೊಂದು ಹಂತಕ್ಕೆಂದು ಇಟ್ಟಿರುವ ಸಂಖ್ಯೆಗಳನ್ನು ಓದಿಕೊಳ್ಳುತ್ತದೆ. ಆ ಸಾಲಿನಲ್ಲಿ ನಡುವೆ 5 ಇದ್ದು, ಎರಡೂ ಬದಿ ಖಾಲಿ.

ಸ್ವಾರಸ್ಯವೆಲ್ಲ ಆ ಖಾಲಿ ಜಾಗದಲ್ಲಿದೆ. ನಮ್ಮ ಕಣ್ಣಿಗೆ ಅಲ್ಲಿ ಏನೂ ಇಲ್ಲ. ಯಂತ್ರಕ್ಕಾದರೋ ಖಾಲಿಯೂ ಒಂದು ಚಿತ್ರವೇ, ಅದರ ಕ್ರಮಸಂಖ್ಯೆ 36. ಆದ್ದರಿಂದ ಎಂಟೇ ಲೋಕಗಳಿರುವ ಆಟವು ಮಾರಿಯೊನನ್ನು 36ನೆಯ ಲೋಕಕ್ಕೆ ಕಳುಹಿಸುತ್ತದೆ, ಮತ್ತು ಪರದೆಯ ಮೇಲೆ ಆ ಸಂಖ್ಯೆಯ ಜಾಗದಲ್ಲಿ ಖಾಲಿ ಚಿತ್ರವನ್ನೇ ಬರೆಯುವುದರಿಂದ ನಮಗೆ ಬರಿಯ ‘-1’ ಕಾಣಿಸುತ್ತದೆ. ಹಂತಗಳ ಪಟ್ಟಿ ಮುಗಿದ ಮೇಲೂ ಆಟ ಮುಂದಕ್ಕೆ ಓದುತ್ತಾ ಹೋಗಿ, ಅಲ್ಲಿ ಸಿಕ್ಕ ಮಾಹಿತಿಯನ್ನೇ ಹಂತವೆಂದು ತಿಳಿಯುತ್ತದೆ. ಕಾರ್ಟ್ರಿಜ್‌ನಲ್ಲಿ, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿಯಲ್ಲಿ, ಅಲ್ಲಿ ಸಿಗುವುದು ಒಂದು ನೀರಿನ ಹಂತ. ಅದರ ತುದಿಯ ಕೊಳವೆ ಮತ್ತೆ ಆರಂಭಕ್ಕೇ ತಂದುಬಿಡುವುದರಿಂದ ಅದಕ್ಕೆ ಕೊನೆಯಿಲ್ಲ. 1986ರಲ್ಲಿ ಜಪಾನಿನಲ್ಲಿ ಬಂದ, ನಿಂಟೆಂಡೊದ ಗೇಮ್ ಯಂತ್ರ ಫ್ಯಾಮಿಕಾಮ್‌ಗೆ ಡಿಸ್ಕ್‌ನಿಂದ ಆಟ ಓದಿಸುವ ಉಪಕರಣವಾದ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್‌ನ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ಬೇರೆ ಮಾಹಿತಿ ಇತ್ತು. ಅಲ್ಲಿ ನೀರಿನ ನಡುವೆ ರಾಜಕುಮಾರಿಯೂ ಖಳನಾಯಕ ಬೌಸರ್‌ನೂ ಕಾಣಿಸಿಕೊಳ್ಳುತ್ತಾರೆ, ಮೂರು ಹಂತಗಳನ್ನು ದಾಟಿದರೆ ಆಟವೂ ಮುಗಿಯುತ್ತದೆ. ಇದನ್ನು ಯಂತ್ರದ ತಪ್ಪೆಂದು ಕರೆಯಲು ನನಗೆ ಮನಸ್ಸಿಲ್ಲ. ಕೇಳಬಾರದ ಪ್ರಶ್ನೆಗೂ ಅದು ಚಾಚೂ ತಪ್ಪದೆ ಉತ್ತರ ಕೊಟ್ಟಿತು, ಅಷ್ಟೇ.

ಪ್ರಶ್ನೆ: ಫ್ಯಾಮಿಕಾಮ್ ಆಟಗಳಲ್ಲಿ ವೈರಿಗಳು ಹೆಚ್ಚಾದೊಡನೆ ಚಿತ್ರಗಳು ಮಿಣುಕತೊಡಗುತ್ತವೆ. ಇದು ಟಿವಿಯ ದೋಷವೇ?

ಉತ್ತರ: ಅಲ್ಲ, ಅದು ಉದ್ದೇಶಪೂರ್ವಕವಾದ ಉಪಾಯ. 1983ರ ಈ ಯಂತ್ರ ಪರದೆಯ ಮೇಲೆ ಒಟ್ಟು 64 ಚಲಿಸುವ ಚಿತ್ರತುಣುಕುಗಳನ್ನು, ಅಂದರೆ ಸ್ಪ್ರೈಟ್‌ಗಳನ್ನು ತೋರಿಸಬಲ್ಲದು. ಆದರೆ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚಿದ್ದರೆ ಉಳಿದವನ್ನು ಕೈಬಿಡುತ್ತದೆ. ಕಣ್ಣಿಗೆ ಕಾಣದ ಗುಂಡು ತಗುಲಿ ಸಾಯುವುದನ್ನು ಯಾವ ಆಟಗಾರನೂ ಸಹಿಸಲಾರ. ಹಾಗಾಗಿ ಪ್ರೋಗ್ರಾಮರ್‌ಗಳು ಸ್ಪ್ರೈಟ್‌ಗಳ ಸರದಿಯನ್ನು ಪ್ರತಿ ಫ್ರೇಮಿಗೂ ಬದಲಿಸಿ, ಒಂದೇ ಚಿತ್ರ ಪೂರ್ತಿ ಮಾಯವಾಗುವ ಬದಲು ಎಲ್ಲವೂ ಒಂದಿಷ್ಟು ಮಿಣುಕುವಂತೆ ಮಾಡಿದರು. ಇಂಥ ಇಕ್ಕಟ್ಟಿನಲ್ಲಿಯೇ ಆ ಕಾಲದ ಚಿತ್ರಕಲೆ ಬೆಳೆಯಿತು: ಮಾರಿಯೊ ಆಟದ ಬಿಳಿ ಮೋಡವನ್ನೂ ನೆಲದ ಹಸಿರು ಪೊದೆಯನ್ನೂ ಒಮ್ಮೆ ಹೋಲಿಸಿ ನೋಡಿ, ಎರಡೂ ಒಂದೇ ಚಿತ್ರ, ಬದಲಾಗಿರುವುದು ಬಣ್ಣ ಮಾತ್ರ.

ಪ್ರಶ್ನೆ: ಹೆಚ್ಚು ಜನರಿಗೆ ತಿಳಿಯದ, ಆದರೆ ನೋಡಲೇಬೇಕಾದ ಒಂದು ಹಳೆಯ ಜಪಾನೀ ಆಟವನ್ನು ಹೆಸರಿಸುವಿರಾ?

ಉತ್ತರ: ಒಂದೇ ಎಂದರೆ, 1998ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ‘ಎಲ್‌ಎಸ್‌ಡಿ’. ಕಲಾವಿದ ಒಸಾಮು ಸಾಟೊ ಇದನ್ನು ರೂಪಿಸಿದ್ದು ಪ್ರಕಾಶಕ ಸಂಸ್ಥೆಯ ಉದ್ಯೋಗಿಯೊಬ್ಬರು ವರ್ಷಗಟ್ಟಲೆ ಬರೆದಿಟ್ಟಿದ್ದ ಕನಸಿನ ದಿನಚರಿಯನ್ನು ಆಧರಿಸಿ. ಇಲ್ಲಿ ಗುರಿಯಿಲ್ಲ, ಅಂಕಗಳಿಲ್ಲ. ನೀವು ಸುಮ್ಮನೆ ನಡೆಯುತ್ತೀರಿ. ಗೋಡೆಗೋ ಪ್ರಾಣಿಗೋ ತಗುಲಿದ ಕ್ಷಣವೇ ಬೇರೊಂದು ಸ್ಥಳಕ್ಕೆ ಎಸೆಯಲ್ಪಡುತ್ತೀರಿ. ಹೆಚ್ಚೆಂದರೆ ಹತ್ತು ನಿಮಿಷಕ್ಕೆ ಕನಸು ಮುಗಿದು, ಅದು ಹಿತವಾಗಿತ್ತೇ ಅಹಿತವಾಗಿತ್ತೇ, ಸ್ಥಿರವೋ ಚಂಚಲವೋ ಎಂಬುದನ್ನು ನಕ್ಷೆಯೊಂದರಲ್ಲಿ ಗುರುತಿಸಲಾಗುತ್ತದೆ. ದಿನ ಕಳೆದಂತೆ ಅದೇ ಮನೆ, ಅದೇ ಬೀದಿಗಳ ಮೇಲ್ಮೈಗೆ ಅಕ್ಷರಗಳೋ ಗಾಢ ಬಣ್ಣಗಳೋ ಅಂಟಿಕೊಳ್ಳತೊಡಗುತ್ತವೆ. ಆ ಕಾಲದ ಪ್ಲೇಸ್ಟೇಷನ್ ಆಟಗಳಲ್ಲಿ ಕುಂದೆನಿಸುತ್ತಿದ್ದ ನಡುಗುವ ಗೆರೆಗಳು ಮತ್ತು ಒರಟು ಆಕೃತಿಗಳು ಇಲ್ಲಿ ಕನಸಿಗೆ ಹೇಳಿ ಮಾಡಿಸಿದಂತಿವೆ.

ನಗು ಬೇಕಿದ್ದರೆ ತೈಟೊ ಸಂಸ್ಥೆಯ 1986ರ ‘ತಾಕೇಶಿ ನೊ ಚೋಸೆನ್‌ಜೋ’ ಇದೆ. ಹಾಸ್ಯನಟ ತಾಕೇಶಿ ಕಿಟಾನೊ ಅವರ ಕಲ್ಪನೆಯ ಈ ಫ್ಯಾಮಿಕಾಮ್ ಆಟದಲ್ಲಿ ಎರಡನೆಯ ಕಂಟ್ರೋಲರ್‌ನ ಮೈಕ್‌ಗೆ ಹಾಡಬೇಕು. ಒಂದು ಕಡೆಯಂತೂ ಖಾಲಿ ನಕ್ಷೆಯನ್ನು ಬಿಸಿಲಿಗೊಡ್ಡಿ, ಯಾವ ಗುಂಡಿಯನ್ನೂ ಮುಟ್ಟದೆ ಒಂದು ತಾಸು ಕೂರಬೇಕು. ಆಟಗಾರನನ್ನು ಇಷ್ಟು ಸಲೀಸಾಗಿ ಗೋಳುಹೊಯ್ದುಕೊಂಡ ಆಟ ಅಪರೂಪ.

ಪ್ರಶ್ನೆ: ‘ಟೆನಿಸ್’ ಕಾರ್ಟ್ರಿಜ್ ಬಳಸಿ ಮಾರಿಯೊ ಆಟದ ಗುಪ್ತ ಲೋಕಗಳಿಗೆ ಹೋಗಬಹುದೆಂದು ಓದಿದೆ. ನಿಜವೇ?

ಉತ್ತರ: ನಿಜ. ವಿದ್ಯುತ್ ಹರಿಯುತ್ತಿರುವಾಗಲೇ ಮಾರಿಯೊ ಕಾರ್ಟ್ರಿಜ್ ಕಿತ್ತು ‘ಟೆನಿಸ್’ ಹಾಕಿ, ಒಂದಿಷ್ಟು ಓಡಾಡಿ, ಮತ್ತೆ ಮಾರಿಯೊ ಹಾಕಬೇಕು. ಟೆನಿಸ್ ಆಟಗಾರನ ಹೆಜ್ಜೆಗಳ ಎಣಿಕೆ ಕೂರುವ ನೆನಪಿನ ಕೋಶದಲ್ಲೇ ಮಾರಿಯೊ ತಾನು ಮುಂದುವರಿಸಬೇಕಾದ ಲೋಕದ ಸಂಖ್ಯೆಯನ್ನು ಹುಡುಕುತ್ತಾನೆ. ವಿದ್ಯುತ್ ನಿಲ್ಲದ ಕಾರಣ ಆ ಎಣಿಕೆ ಅಳಿಸಿಹೋಗಿರುವುದಿಲ್ಲ. ಆದರೆ ಚಾಲನೆಯಲ್ಲಿರುವ ಯಂತ್ರದಿಂದ ಕಾರ್ಟ್ರಿಜ್ ಕೀಳುವುದರಿಂದ ಎರಡಕ್ಕೂ ಹಾನಿಯಾಗಬಹುದು. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ತಂತ್ರಾಂಶದಲ್ಲಿ) ಆ ಒಂದು ಕೋಶದ ಸಂಖ್ಯೆಯನ್ನು ನೇರವಾಗಿ ತಿದ್ದಿದರೂ ಅದೇ ಲೋಕಗಳು ಸಿಗುತ್ತವೆ. ಹಳೆಯ ಯಂತ್ರವನ್ನು ಇದಕ್ಕೆ ಬಲಿಕೊಡಬೇಡಿ.