ಕಂಬಳದ ಕೋಣ ಬೈಸನ್ ಆಗಿಬಿಡುತ್ತದೆ, ಏನು ಮಾಡಲಿ?

ಪ್ರಶ್ನೆ: ಕಂಬಳದ ಓಟವನ್ನು ಸಿನಿಮಾ ಪೋಸ್ಟರ್ ಥರ ಎಐನಿಂದ ಬರೆಸಬೇಕು. 'ಎಪಿಕ್ ಬಫಲೋ ರೇಸ್, ಜಾಕಿ, ಸಿನಿಮ್ಯಾಟಿಕ್ ಆ್ಯಕ್ಷನ್, 8ಕೆ' ಎಂದು ಕೊಟ್ಟರೆ ಜೂಲು ತುಂಬಿದ ಬೈಸನ್ ಬರುತ್ತದೆ, ಅದರ ಬೆನ್ನ ಮೇಲೆ ಒಬ್ಬ ಕೂತಿರುತ್ತಾನೆ. ಅಷ್ಟಾಗಿಯೂ ಓಟ ಓಟದಂತೆ ಕಾಣುವುದಿಲ್ಲ, ಫೋಟೊಗೆ ನಿಂತ ಹಾಗಿದೆ.
– ಓದುಗರು, ಮೂಡುಬಿದಿರೆ

ಉತ್ತರ: ಕೆಡಿಸಿದ್ದು ಎರಡು ಪದ. ಬರೀ 'ಬಫಲೋ' ಅಂದರೆ ಅಮೆರಿಕದವರ ಬಾಯಲ್ಲಿ ಬೈಸನ್. 'ವಾಟರ್ ಬಫಲೋ' ಎಂದೇ ಬರೆಯಿರಿ, ಜತೆಗೆ 'ನುಣುಪಾದ ಕಪ್ಪು ಮೈ, ಹಿಂದಕ್ಕೆ ಬಾಗಿದ ಕೊಂಬು' ಸೇರಿಸಿ. 'ಜಾಕಿ' ಎಂದ ಕೂಡಲೇ ಚಿತ್ರ ಬರೆಯುವ ಎಐ ಮಾಡೆಲ್ಲಿಗೆ ಕುದುರೆ ರೇಸು ನೆನಪಾಗುತ್ತದೆ, ಆ ಪದ ತೆಗೆದುಹಾಕಿ. 'ಕಂಬಳ' ಎಂಬ ಹೆಸರನ್ನೂ ನಂಬಿ ಕೂರಬೇಡಿ. ಹೆಸರಿನ ಬದಲು ಕಣ್ಣಿಗೆ ಕಾಣುವುದನ್ನು ಹೇಳಿ: ಒಂದೇ ನೊಗಕ್ಕೆ ಕಟ್ಟಿದ ಎರಡು ಕೋಣ, ಅವುಗಳ ಹಿಂದೆ ಹಗ್ಗ ಹಿಡಿದು ಬರಿಗಾಲಲ್ಲಿ ಓಡುವವನು, ಕೆಸರುನೀರು ತುಂಬಿದ ಉದ್ದನೆಯ ಕರೆ (ಓಟದ ಗದ್ದೆ). ಕೆನೆಹಲಗೆ ಎಂಬ ಇನ್ನೊಂದು ಬಗೆಯ ಓಟದಲ್ಲಿ ಓಡಿಸುವವನು ಹಲಗೆಯ ಮೇಲೆ ನಿಂತಿರುತ್ತಾನೆ, ಹಲಗೆಯ ತೂತಿನಿಂದ ನೀರು ಮೇಲಕ್ಕೆ ಚಿಮ್ಮುತ್ತದೆ. ಪೋಸ್ಟರಿಗೆ ಅದೇ ಚೆಂದ, ಆದರೆ ಮಾಡೆಲ್ಲಿಗೆ ಅದನ್ನು ಅರ್ಥ ಮಾಡಿಸುವುದು ಕಷ್ಟ. ಮೊದಲು ಹಗ್ಗದ ಓಟದಲ್ಲಿ ಕೈ ಪಳಗಲಿ.

ಇನ್ನು ಓಟ ಕಾಣದ ವಿಷಯ. 'ಎಪಿಕ್', 'ಆ್ಯಕ್ಷನ್' ಎಂಬ ಪದಗಳಿಂದ ಒಂದು ಕಾಲೂ ಅಲುಗುವುದಿಲ್ಲ. ಚಿತ್ರ ಎಂದರೆ ಒಂದು ಕ್ಷಣ, ಆ ಕ್ಷಣ ಯಾವುದೆಂದು ನೀವೇ ಹೇಳಬೇಕು. ಆಮೇಲೆ ಬಲ ಎಲ್ಲೆಲ್ಲಿ ಗುರುತು ಬಿಟ್ಟಿದೆ ಎಂಬುದನ್ನು ಹೇಳಬೇಕು: ಮುಂಗಾಲು ನೀರಿನಿಂದ ಮೇಲೆದ್ದಿದೆ, ಹಗ್ಗ ಬಿಗಿದಿದೆ, ಓಡುವವನ ತೋಳು ಮುಂದಕ್ಕೆ ಸೆಳೆದಿದೆ, ಗೊರಸಿನಿಂದ ಸಿಡಿದ ಕೆಸರು ಎದೆಯವರೆಗೆ ಎದ್ದಿದೆ.

ಕ್ಯಾಮೆರಾ ನೇರ ಎದುರಿಗೆ ಇಡಬೇಡಿ, ಕೋಣಗಳ ಮರೆಯಲ್ಲಿ ಓಡುವವನೇ ಮಾಯವಾಗುತ್ತಾನೆ. ನೀರಿನ ಮಟ್ಟಕ್ಕೆ ಇಳಿಸಿ, 45 ಡಿಗ್ರಿ ಓರೆಯಿಂದ, 24 ಎಂಎಂ ಲೆನ್ಸ್ ಎನ್ನಿ. ಬೆಳಕು ಹಿಂದಿನಿಂದ ಬರಲಿ, ಹನಿಗಳು ಹೊಳೆಯುವುದು ಆಗಲೇ. ರಾತ್ರಿ ಕಂಬಳವಾದರೆ ಸೂರ್ಯನ ಬದಲು ಫ್ಲಡ್‌ಲೈಟ್.

ಇನ್ನೊಂದು ತಪ್ಪು ತುಂಬ ಜನ ಮಾಡುತ್ತಾರೆ. ಗಾಳಿಯಲ್ಲಿ ನಿಂತ ಹನಿಯೂ ಬೇಕು, ಹಿಂದೆ ಗೀಟುಗೀಟಾಗಿ ಕಲಸಿದ ಜನರೂ ಬೇಕು. ಹನಿ ನಿಲ್ಲಬೇಕಾದರೆ 1/1000 ಸೆಕೆಂಡಿನ ಶಟರ್, ಕ್ಯಾಮೆರಾ ತಿರುಗಿಸುತ್ತಾ ಹಿನ್ನೆಲೆ ಕಲಸಬೇಕಾದರೆ ಸುಮಾರು 1/30. ಎರಡರಲ್ಲಿ ಒಂದು ಆರಿಸಿ. ಮಾಡೆಲ್ ಶಟರ್ ಲೆಕ್ಕ ಹಾಕುವುದಿಲ್ಲ, ಹಾಗಾಗಿ ಅಂಕಿಯ ಬದಲು ಅದರ ಪರಿಣಾಮವನ್ನೇ ಬರೆಯಿರಿ. ಎಲ್ಲ ಸೇರಿಸಿದರೆ ಹೀಗೆ:

'ಒಂದೇ ನೊಗಕ್ಕೆ ಕಟ್ಟಿದ ಎರಡು ಕಪ್ಪು ವಾಟರ್ ಬಫಲೋ ಕೆಸರುನೀರಿನಲ್ಲಿ ನಾಗಾಲೋಟದಲ್ಲಿ, ಮುಂಗಾಲು ನೀರಿನಿಂದ ಮೇಲೆ. ಹಿಂದೆ ಬಿಗಿದ ಹಗ್ಗ ಹಿಡಿದು ಓಡುವ ಬರಿಮೈ ಗಂಡಸು. ಎದೆಯೆತ್ತರಕ್ಕೆ ಸಿಡಿದು ಗಾಳಿಯಲ್ಲಿ ನಿಂತ ಹನಿಗಳು. ನೀರಿನ ಮಟ್ಟದ ಓರೆ ಕೋನ, 24 ಎಂಎಂ, ಸಂಜೆಯ ಹಿಂಬೆಳಕು.'

ಜೆಮಿನಿ, ಚಾಟ್‌ಜಿಪಿಟಿಗೆ ಕನ್ನಡದಲ್ಲೇ ಕೊಡಬಹುದು. ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್ ಎಂಬ ಚಿತ್ರ ಬರೆಯುವ ಎಐಗಳಿಗೆ ಇಂಗ್ಲಿಷ್ ಮಾಡಿ ಕೊಡಿ. ಮಿಡ್‌ಜರ್ನಿಯಲ್ಲಿ ಅಗಲ-ಎತ್ತರದ ಅನುಪಾತ 21:9 ಇಡಿ, 'ಸ್ಟೈಲೈಸ್' ಎಂಬ ಸೆಟ್ಟಿಂಗ್ ಮೂಲದಲ್ಲಿ 100 ಇರುತ್ತದೆ, 50ಕ್ಕೆ ಇಳಿಸಿದರೆ ಅದರ ಸ್ವಂತ ಅಲಂಕಾರ ತಗ್ಗುತ್ತದೆ. ಸ್ಟೇಬಲ್ ಡಿಫ್ಯೂಷನ್ನಿನ ಎಸ್‌ಡಿಎಕ್ಸ್‌ಎಲ್ ಆವೃತ್ತಿಯಲ್ಲಿ 1536×640 ಪಿಕ್ಸೆಲ್. ಅದರ ಪಠ್ಯ ಓದುವ ಭಾಗ ಒಂದು ಸಲಕ್ಕೆ 75 ಟೋಕನ್ (ಪದ ಅಥವಾ ಪದದ ತುಣುಕು) ಮಾತ್ರ ಹಿಡಿಯುತ್ತದೆ. ಅದಕ್ಕೇ ಕೋಣ ಮೊದಲು, ಲೆನ್ಸ್ ಕೊನೆಗೆ. '8ಕೆ' ಬಿಟ್ಟುಬಿಡಿ, ಅದರಿಂದ ಪಿಕ್ಸೆಲ್ ಒಂದೂ ಹೆಚ್ಚುವುದಿಲ್ಲ.

ಪ್ರಶ್ನೆ: ಮಳೆಯಲ್ಲಿ ಬಸ್ ಸ್ಟ್ಯಾಂಡಿನ ಹೊಡೆದಾಟ. ಒಬ್ಬನಿಗೆ ಕೆಂಪಂಗಿ ಎಂದರೆ ಇಬ್ಬರಿಗೂ ಕೆಂಪು. ಮುಷ್ಟಿ ಮುಖದೊಳಗೇ ಹೋಗುತ್ತದೆ, ಹಿಂದಿನವರ ಮುಖ ಜಜ್ಜಿದ ಹಾಗಿದೆ, ಕನ್ನಡ ಬೋರ್ಡು ಯಾವ ಭಾಷೆಯೋ ಗೊತ್ತಾಗುವುದಿಲ್ಲ. 'ರಕ್ತ ಬೇಡ' ಎಂದರೆ ರಕ್ತವೇ ಬರುತ್ತದೆ!
– ಓದುಗರು, ದಾವಣಗೆರೆ

ಉತ್ತರ: ಬಣ್ಣ ಒಬ್ಬನಿಂದ ಇನ್ನೊಬ್ಬನಿಗೆ ಸೋರುವುದು ಈ ಮಾಡೆಲ್‌ಗಳ ಹಳೇ ಕಾಯಿಲೆ. ಪ್ರಾಂಪ್ಟಿನಲ್ಲಿ (ಮಾಡೆಲ್ಲಿಗೆ ಕೊಡುವ ವಿವರಣೆಯಲ್ಲಿ) ಇಬ್ಬರಿಗೂ ಒಂದೇ ಬಣ್ಣ ಕೊಟ್ಟು, ಆಮೇಲೆ ಒಬ್ಬನ ಅಂಗಿಯನ್ನಷ್ಟೇ ಆಯ್ದು ಇನ್‌ಪೇಂಟ್ ಮಾಡಿ, ಅಂದರೆ ಆ ಭಾಗವನ್ನಷ್ಟೇ ಮತ್ತೆ ಬರೆಸಿ. ಏಟು ಬಿದ್ದ ಕ್ಷಣವನ್ನು ಕೇಳಲೇಬೇಡಿ. ಮೈಗೆ ಮೈ ತಾಗಿದಲ್ಲಿ ಯಾವ ಬೆರಳು ಯಾರದೆಂದು ಅದಕ್ಕೆ ತಿಳಿಯುವುದಿಲ್ಲ. ಮುಷ್ಟಿ ಗೇಣು ದೂರದಲ್ಲಿರುವಾಗ, ಇಲ್ಲವೇ ಏಟು ತಿಂದವನು ವಾಲುತ್ತಿರುವಾಗ, ಕೂದಲಿನಿಂದ ನೀರು ಬಿಲ್ಲಿನಂತೆ ಹಾರಿರುವಾಗ ಹಿಡಿಯಿರಿ. ನೋಡುವವರಿಗೆ ಏಟು ಜೋರಾಗಿ ಕಾಣುವುದೂ ಅಲ್ಲೇ. ಭಂಗಿ ಇಂಥದ್ದೇ ಬೇಕೆಂದರೆ ಗೆಳೆಯರಿಬ್ಬರನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೊ ತೆಗೆದು, ಫೋಟೊದ ಭಂಗಿಯನ್ನೇ ಚಿತ್ರಕ್ಕೆ ತರುವ ಕಂಟ್ರೋಲ್‌ನೆಟ್‌ನ ಓಪನ್‌ಪೋಸ್ (ಸ್ಟೇಬಲ್ ಡಿಫ್ಯೂಷನ್ ಜತೆ ಬಳಸುವ ಸಾಧನ) ಎಂಬುದಕ್ಕೆ ಕೊಡಿ.

ಹಿಂದಿನವರ ಮುಖದ ಕಥೆ ಲೆಕ್ಕದ್ದು. ಎಸ್‌ಡಿಎಕ್ಸ್‌ಎಲ್ ಚಿತ್ರವನ್ನು ಉದ್ದಗಲ ಎರಡರಲ್ಲೂ 8 ಪಟ್ಟು ಕುಗ್ಗಿಸಿ ಕೆಲಸ ಮಾಡುತ್ತದೆ. 40 ಪಿಕ್ಸೆಲ್ ಅಗಲದ ಮುಖಕ್ಕೆ ಸಿಗುವುದು 5 ಚೌಕ. ಅಷ್ಟರಲ್ಲಿ ಕಣ್ಣು, ಮೂಗು ಎಲ್ಲಿ ಕೂರಬೇಕು? ಅವರನ್ನು ಕೊಡೆಯಡಿ, ಮಬ್ಬಿನಲ್ಲಿ, ಬೆನ್ನು ಮಾಡಿ ನಿಲ್ಲಿಸಿ. ಮುಖ ಬೇಕೇ ಬೇಕೆಂದರೆ ಆ ಜಾಗವನ್ನಷ್ಟೇ ಹಿಗ್ಗಿಸಿ, ಡಿನಾಯ್ಸಿಂಗ್ (ಹಳೆಯ ಚಿತ್ರವನ್ನು ಎಷ್ಟು ಬದಲಿಸಬೇಕೆಂಬ ಅಳತೆ) 0.4ರ ಆಸುಪಾಸು ಇಟ್ಟು ಮತ್ತೆ ಬರೆಸಿ. 0.7 ದಾಟಿದರೆ ಬೇರೆಯವನೇ ಬಂದು ಕೂರುತ್ತಾನೆ.

ಬೋರ್ಡು ಖಾಲಿ ಬಿಡಿಸಿ, ಅಕ್ಷರವನ್ನು ಆಮೇಲೆ ಫೋಟೊ ಎಡಿಟರಿನಲ್ಲಿ ನೀವೇ ಕೂರಿಸಿ. ಒತ್ತಕ್ಷರದಲ್ಲಿ ಇವು ಎಡವುವುದೇ ಹೆಚ್ಚು. 'ರಕ್ತ ಬೇಡ' ಎಂಬುದರಲ್ಲಿ ಮಾಡೆಲ್ ಹಿಡಿಯುವುದು 'ರಕ್ತ'ವನ್ನೇ. ಅದನ್ನು ನೆಗೆಟಿವ್ ಪ್ರಾಂಪ್ಟಿಗೆ (ಬೇಡದ್ದನ್ನು ಬರೆಯುವ ಜಾಗಕ್ಕೆ) ಹಾಕಿ, ಮಿಡ್‌ಜರ್ನಿಯಾದರೆ 'ನೋ' ಆಯ್ಕೆಗೆ. ಎರಡೂ ಇಲ್ಲದ ಕಡೆ 'ಮಳೆಗೆ ತೊಳೆದ ಶುಭ್ರ ಮುಖ' ಎಂದು ಬರೆಯಿರಿ.

ಪ್ರಶ್ನೆ: ಸ್ಟೋರಿಬೋರ್ಡಿನ 12 ಫ್ರೇಮಿನಲ್ಲೂ ಒಬ್ಬನೇ ಹೀರೊ ಬರುವುದು ಹೇಗೆ? ಸೀಡ್ ಒಂದೇ ಇಟ್ಟರೂ ಮುಖ ಬದಲಾಗುತ್ತದೆ.
– ಓದುಗರು, ಬೆಂಗಳೂರು

ಉತ್ತರ: ಸೀಡ್ ಎಂದರೆ ಮಾಡೆಲ್ ಚಿತ್ರ ಶುರು ಮಾಡುವ ಚುಕ್ಕಿಚುಕ್ಕಿಯ ಗೊಂದಲವನ್ನು (ನಾಯ್ಸ್) ಗೊತ್ತುಮಾಡುವ ಸಂಖ್ಯೆ ಅಷ್ಟೇ. ಪ್ರಾಂಪ್ಟ್ ಬದಲಾದರೆ ಮುಖವೂ ಬದಲಾಗುತ್ತದೆ. ಮೊದಲು ಸಾದಾ ಬೆಳಕಿನಲ್ಲಿ ಎದುರು, ಪಕ್ಕ, ಮುಕ್ಕಾಲು ಓರೆ, ಹೀಗೆ ಮೂರು ಚಿತ್ರ ಮಾಡಿಸಿಕೊಂಡು, ಪ್ರತಿ ಫ್ರೇಮಿಗೂ ಅವನ್ನೇ ರೆಫರೆನ್ಸ್ ಕೊಡಿ. ವರ್ಣನೆಯ ಸಾಲು ಅಕ್ಷರಶಃ ಒಂದೇ ಇರಲಿ, 'ನೀಲಿ ಚೌಕಳಿ ಲುಂಗಿ' ಮುಂದಿನ ಫ್ರೇಮಿನಲ್ಲಿ 'ಚೆಕ್ಸ್ ಲುಂಗಿ' ಆಗಬಾರದು. ಬಲ ಹುಬ್ಬಿನ ಮೇಲಿನ ಗಾಯದಂಥ ಗುರುತು ಕೊಟ್ಟರೆ, ಅದು ಎಡಕ್ಕೆ ಹಾರಿದೆಯೇ ಎಂದು ಫ್ರೇಮು ಫ್ರೇಮಿಗೂ ನೋಡಿಕೊಳ್ಳಿ; ಎಡಬಲದಲ್ಲಿ ಇವು ಆಗಾಗ ತಪ್ಪುತ್ತವೆ.