ಎಲ್ಲ ಬಲ್ಲ ದೇವರಿಗೆ ಪ್ರಾರ್ಥನೆ ಯಾಕೆ?

ಕಾಸರಗೋಡಿನ ಬೇಳದಲ್ಲಿ ನಿಮ್ಮ ನೆರೆಮನೆಯ ಕೊಂಕಣಿ ಕ್ಯಾಥೊಲಿಕರು ಸಂಜೆ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಕೇಳಿಸುತ್ತದೆ, ಎಲ್ಲ ಬಲ್ಲ ದೇವರಿಗೆ ಇಷ್ಟು ಸಲ ಹೇಳಬೇಕಾ, ಅವರು ಕರೆದರೆ ಹೋಗಬಹುದಾ ಎಂದು ಕೇಳಿದ್ದೀರಿ.

ಮೊದಲ ಪ್ರಶ್ನೆ ಬೈಬಲಿನಲ್ಲೇ ಇದೆ. ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ, ನೀವು ಕೇಳುವ ಮೊದಲೇ ನಿಮ್ಮ ಅಗತ್ಯ ತಂದೆಗೆ ಗೊತ್ತು ಅನ್ನುತ್ತಾರೆ. ಅದರ ಬೆನ್ನಿಗೇ ‘ನಮ್ಮ ತಂದೆಯೇ’ ಪ್ರಾರ್ಥನೆ ಕಲಿಸುತ್ತಾರೆ. ಹಾಗಾಗಿ ಇದು ಸರಕಾರಿ ಸೇವೆಯ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿ ಏನಾಯಿತು ಎಂದು ಕಾಯುವ ವ್ಯವಹಾರ ಅಲ್ಲ. ಬದಲಾಗಬೇಕಾದದ್ದು ಕೇಳುವವನ ಮನಸ್ಸು.

ಆ ಪ್ರಾರ್ಥನೆಯ ಏಳು ಬೇಡಿಕೆಗಳ ಕ್ರಮ ನೋಡಿ. ಮೊದಲ ಮೂರು ದೇವರ ನಾಮ, ರಾಜ್ಯ, ಚಿತ್ತದ ಬಗ್ಗೆ. ನಾಲ್ಕನೆಯದರಲ್ಲಿ ನಮ್ಮ ಅನ್ನ, ಅದೂ ಆ ದಿನಕ್ಕೆ ಬೇಕಾದಷ್ಟು. ಐದನೆಯದೇ ಕಷ್ಟ: ನಾವು ಕ್ಷಮಿಸಿದ ಹಾಗೆ ನಮ್ಮನ್ನೂ ಕ್ಷಮಿಸು. ಪ್ರಾರ್ಥನೆ ಮುಗಿದ ಮೇಲೆ ಯೇಸು ಬಿಡಿಸಿ ಹೇಳುವುದು ಇದೊಂದನ್ನೇ. ತಮ್ಮನ ಜೊತೆ ಗಡಿಕಲ್ಲಿನ ತಕರಾರು ಇಟ್ಟುಕೊಂಡವನಿಗೆ ಈ ಸಾಲು ಗಂಟಲಲ್ಲಿ ಸಿಕ್ಕಬೇಕು. ಸಿಕ್ಕದಿದ್ದರೆ ಬಾಯಿಪಾಠ ಅಷ್ಟೆ.

ನಿಮಗೆ ಕೇಳಿಸುವುದು ತೇರ್ಸ್, ಅಂದರೆ ಜಪಸರ. 59 ಮಣಿ, ‘ನಮಾನ್ ಮರಿಯೆ’ (ಯೇಸುವಿನ ತಾಯಿ ಮರಿಯಮ್ಮನಿಗೆ ನಮಸ್ಕಾರ ಹೇಳುವ ಕೊಂಕಣಿ ಪ್ರಾರ್ಥನೆ) 53 ಸಲ, ಆರಂಭದ ಮೂರು, ಆಮೇಲೆ ಹತ್ತರ ಐದು ಕಂತು. ಒಂದೊಂದು ಕಂತಿಗೂ ಯೇಸು ಅಥವಾ ಮರಿಯಮ್ಮನವರ ಬದುಕಿನ ಒಂದು ಘಟನೆ ಇದೆ, ಅದಕ್ಕೆ ರಹಸ್ಯ ಅನ್ನುತ್ತಾರೆ. ಸೋಮವಾರ, ಶನಿವಾರ ಸಂತೋಷದವು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರದ ಬೆಳಕಿನ ರಹಸ್ಯಗಳನ್ನು ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದರು. ನಾಲಿಗೆಗೆ ಗೊತ್ತಿರುವ ಮಾತು ಕೊಟ್ಟು ಮನಸ್ಸನ್ನು ಆ ಘಟನೆಯ ಮೇಲೆ ನಿಲ್ಲಿಸುವುದು ಉದ್ದೇಶ. ಕೆಡುವುದು ಅವಸರದಿಂದ: ಒಬ್ಬರು ಅರ್ಧ ಮುಗಿಸುವ ಮೊದಲೇ ಉಳಿದವರು ಉತ್ತರ ಶುರುಮಾಡಿದರೆ ಘಟನೆ ಯಾರ ತಲೆಯಲ್ಲೂ ಉಳಿಯುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಬೇಕು. ಎಂಟು ನಿಮಿಷದಲ್ಲಿ ಮುಗಿಸುವುದಕ್ಕಿಂತ ಒಂದೇ ಕಂತು ನಿಧಾನ ಹೇಳುವುದು ಮೇಲು.

ಪ್ರೊಟೆಸ್ಟೆಂಟರಲ್ಲಿ ಸಾಮಾನ್ಯವಾಗಿ ಜಪಸರ ಇಲ್ಲ, ಹೆಚ್ಚಾಗಿ ಸ್ವಂತ ಮಾತಲ್ಲಿ ಪ್ರಾರ್ಥಿಸುತ್ತಾರೆ. ಅಲ್ಲಿನ ಅಪಾಯ ಬೇರೆ: ದೇವರ ಹೆಸರಲ್ಲಿ ಪಕ್ಕದವರಿಗೆ ಬುದ್ಧಿ ಹೇಳುವ ಪ್ರಾರ್ಥನೆ!

ಕೇಳಿದ್ದು ಸಿಗದಿದ್ದರೆ? ಸಾವಿನ ಹಿಂದಿನ ರಾತ್ರಿ ಗೆತ್ಸೆಮನೆ ತೋಪಿನಲ್ಲಿ ಯೇಸುವೇ ಈ ಸಂಕಟ ತಪ್ಪಲಿ ಎಂದು ಮೂರು ಸಲ ಬೇಡಿದರು, ಶಿಲುಬೆ ತಪ್ಪಲಿಲ್ಲ. ಆದಿ ಕ್ರೈಸ್ತ ಬೋಧಕ ಪೌಲನೂ ತನ್ನ ದೇಹದ ಮುಳ್ಳು, ಅಂದರೆ ಬಿಡದೆ ಕಾಡುವ ನೋವು, ತೆಗೆ ಎಂದು ಮೂರು ಸಲ ಕೇಳಿದ. ಸಿಕ್ಕ ಉತ್ತರ, ನನ್ನ ಕೃಪೆಯೇ ನಿನಗೆ ಸಾಕು ಎಂದು. ಹರಕೆ ಹೊತ್ತು ದೇವರೊಡನೆ ಚೌಕಾಶಿ ಮಾಡುವವರು ಈ ಎರಡು ಪುಟ ಓದುವುದು ಒಳ್ಳೆಯದು.

ಕರೆದರೆ ಖಂಡಿತ ಹೋಗಿ. ಗೊತ್ತಿಲ್ಲದ ಮಾತು ಹೇಳಬೇಕೆಂದಿಲ್ಲ, ಸುಮ್ಮನೆ ಕೂತರೆ ಯಾರೂ ತಪ್ಪು ತಿಳಿಯರು. ಮುಗಿದ ಕೂಡಲೇ ಏಳಬೇಡಿ. ಮಕ್ಕಳು ಹಿರಿಯರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ಆಗಲೇ.