ಮಸುಕಾದ ಒಂದು ಫೋಟೊ, ಮಸುಕಾಗದ ಸಾವಿರಾರು ಫೋಟೊಗಳು

ಪ್ರಿಯರೇ,

ಕಾಂಬೋಡಿಯಾದಲ್ಲಿ ಪೋಲ್ ಪಾಟ್ ನಾಯಕತ್ವದ ಕಮ್ಯುನಿಸ್ಟ್ ಪಡೆಯಾದ ಖಮೇರ್ ರೂಜ್ ನಡೆಸಿದ ನರಮೇಧದ ಕುರಿತ ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಚಿತ್ರವನ್ನು ಮೊದಲ ಬಾರಿಗೆ ನೋಡಿ ನೀವು ಬರೆದು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಶುದ್ಧವಾಗಿದೆ, ಓದಿಸಿಕೊಂಡು ಹೋಗುತ್ತದೆ. ಕಾಂಬೋಡಿಯಾದ ಬಗ್ಗೆ ಏನೂ ತಿಳಿಯದಿದ್ದ ನೀವು ಚಿತ್ರ ಮುಗಿದ ಮೇಲೆ ಹುಡುಕಿಕೊಂಡು ಹೋಗಿ ಓದಿದ್ದು ಸಂತೋಷದ ವಿಷಯ. ಆದರೂ ಲೇಖನವನ್ನು ಈಗಿರುವಂತೆ ಪ್ರಕಟಿಸಲಾರೆ. ಎರಡನೆಯ ಓದಿಗೆ ನನಗೆ ಸಿಟ್ಟು ಬಂತು. ಏಕೆಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

“ಚಿತ್ರ ಮುಗಿದಾಗ ನನ್ನ ಕಣ್ಣೀರು ನಿಲ್ಲಲೇ ಇಲ್ಲ. ನಾನು ಕಂಡದ್ದನ್ನು ಹೇಳಲು ಪದಗಳು ಸಾಲವು” ಎಂದು ಆರಂಭಿಸಿದ್ದೀರಿ. ಅಲ್ಲಿಂದ ಮುಂದಿನ ನಾಲ್ಕು ಪುಟಗಳಲ್ಲಿ ನಿಮ್ಮ ನಿದ್ದೆಗೆಟ್ಟ ರಾತ್ರಿ, ನಿಮ್ಮ ನಡುಗಿದ ಕೈ, ನಿಮ್ಮ ಬದಲಾದ ಮನಸ್ಸು ಇವೆ. ಪೆನ್ಸಿಲ್ ಹಿಡಿದು ಎಣಿಸಿದೆ: ‘ನಾನು’, ‘ನನ್ನ’, ‘ನನಗೆ’ ಎಂಬ ಮಾತುಗಳು 43 ಸಲ ಬಂದಿವೆ, ಚಿತ್ರದ ಕೇಂದ್ರದಲ್ಲಿರುವ ಕಾಂಬೋಡಿಯಾದ ಪತ್ರಕರ್ತ ಡಿತ್ ಪ್ರಾನ್ ಅವರ ಹೆಸರು ಎರಡು ಸಲ. ನೀವು ಅತ್ತದ್ದು ನಿಜವೆಂದೇ ನಂಬುತ್ತೇನೆ. ಆದರೆ ಯಾವುದಕ್ಕಾಗಿ ಅತ್ತಿರೋ ಅದನ್ನು ಓದುಗನ ಮುಂದೆ ಇಡದಿದ್ದರೆ ಅವನು ನಿಮ್ಮ ಮುಖವನ್ನಷ್ಟೇ ನೋಡುತ್ತಾ ಕೂರಬೇಕಾಗುತ್ತದೆ.

ಎರಡನೆಯ ಪುಟದಲ್ಲಿ “ಫೋಟೊ ದೃಶ್ಯವಂತೂ ಕರುಳು ಹಿಂಡುತ್ತದೆ” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ದೃಶ್ಯದಲ್ಲಿ ಏನಾಗುತ್ತದೆ? ಖಮೇರ್ ರೂಜ್ ವಶವಾದ ರಾಜಧಾನಿ ನಾಮ್ ಪೆನ್‌ನ ಫ್ರೆಂಚ್ ರಾಯಭಾರ ಕಚೇರಿಯೊಳಗೆ ಸಿಕ್ಕಿಬಿದ್ದ ವಿದೇಶಿ ಪತ್ರಕರ್ತರು ಪ್ರಾನ್ ಅವರನ್ನು ಉಳಿಸಿಕೊಳ್ಳಲು ಪಾಸ್‌ಪೋರ್ಟ್ ತಿದ್ದಲು ಹೊರಡುತ್ತಾರೆ. ಕೈಗೆ ಸಿಕ್ಕ ರಾಸಾಯನಿಕಗಳಲ್ಲೇ ತೊಳೆದು ಅವರ ಫೋಟೊ ಮೂಡಿಸುತ್ತಾರೆ. ಮೂಡಿದ ಮುಖ ಕಾಗದದ ಮೇಲೆ ನಿಲ್ಲದೆ ಮಾಯವಾಗುತ್ತದೆ. ಅದರೊಂದಿಗೆ ಪ್ರಾನ್ ಹೊರಗೆ, ಖಮೇರ್ ರೂಜ್ ಕೈಗೆ, ನಡೆಯಬೇಕಾಗುತ್ತದೆ. ಇಷ್ಟು ಬರೆದಿದ್ದರೆ ಕರುಳಿನ ಮಾತನ್ನು ನೀವು ಎತ್ತಬೇಕಾಗಿಯೇ ಇರಲಿಲ್ಲ.

ನಾನು ದಿನಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ನಾಲೆಗೆ ಬಸ್ಸು ಉರುಳಿದ ಸುದ್ದಿಗೆ ನನ್ನನ್ನು ಕಳುಹಿಸಿದ್ದರು. ‘ಹೃದಯವಿದ್ರಾವಕ’, ‘ಮುಗಿಲು ಮುಟ್ಟಿದ ಆಕ್ರಂದನ’ ಎಂದೆಲ್ಲ ತುಂಬಿಸಿ ವರದಿ ಕೊಟ್ಟೆ. ಮುಖ್ಯ ಉಪಸಂಪಾದಕರು ಅದನ್ನು ಬದಿಗಿಟ್ಟು, ಅಲ್ಲಿ ಯಾರು ಏನು ಮಾಡುತ್ತಿದ್ದರು ಎಂದಷ್ಟೇ ಕೇಳಿದರು. ನಾಲೆಯ ಏರಿಯ ಮೇಲೆ ಒಬ್ಬ ತಂದೆ, ತೀರಿಹೋದ ಮಗಳ ಶಾಲೆಯ ನೋಟ್‌ಬುಕ್ಕುಗಳನ್ನು ಬಿಸಿಲಿಗೆ ಹರಡಿ, ಹಾಳೆಗಳು ಅಂಟಿಕೊಳ್ಳದಂತೆ ಒಂದೊಂದಾಗಿ ಬಿಡಿಸುತ್ತಿದ್ದುದನ್ನು ಹೇಳಿದೆ. ಅದು ಸಣ್ಣ ವಿಷಯವೆಂದು ನಾನು ಬಿಟ್ಟಿದ್ದೆ. “ಅದನ್ನು ಬರೆ, ಉಳಿದದ್ದನ್ನು ಹೊಡೆದುಹಾಕು” ಎಂದರು. ಆ ರಾತ್ರಿ ನಾಚಿಕೆಯಿಂದ ಮೂರು ಸಲ ತಿದ್ದಿ ಬರೆದೆ. ಇಷ್ಟು ವರ್ಷಗಳಾದರೂ ಆ ತಂದೆಯ ಬೆರಳುಗಳು ನನಗೆ ನೆನಪಿವೆ.

ಇನ್ನೊಂದು ವಾಕ್ಯಕ್ಕೆ ಬರುತ್ತೇನೆ, ನನ್ನನ್ನು ಹೆಚ್ಚು ಕಾಡಿದ್ದು ಅದೇ: “ಪೋಲ್ ಪಾಟ್ ಎಂಬ ಹುಚ್ಚನೊಬ್ಬ ಹಲವು ವರ್ಷ ಲಕ್ಷಾಂತರ ಅಮಾಯಕರನ್ನು ಕೊಂದ.”

‘ಹಲವು ವರ್ಷ’ ಎಂದಿದ್ದೀರಿ. 1975ರ ಏಪ್ರಿಲ್ 17ರಂದು ನಾಮ್ ಪೆನ್ ನಗರ ಖಮೇರ್ ರೂಜ್ ವಶವಾಯಿತು, 1979ರ ಜನವರಿ 7ರಂದು ಅವರ ಕೈತಪ್ಪಿತು. ಕಾಂಬೋಡಿಯಾದವರು ಅದನ್ನು ಮೂರು ವರ್ಷ, ಎಂಟು ತಿಂಗಳು, ಇಪ್ಪತ್ತು ದಿನ ಎಂದು ದಿನದ ಲೆಕ್ಕದಲ್ಲೇ ಹೇಳುತ್ತಾರೆ. ‘ಲಕ್ಷಾಂತರ’ ಎಂದಿರಿ, ಸತ್ತವರು 17ರಿಂದ 20 ಲಕ್ಷವೆಂಬ ಅಂದಾಜಿದೆ, ಅಂದರೆ ದೇಶದ ಸುಮಾರು ಕಾಲುಭಾಗ ಜನ. ಕೊಲೆಯ ಜೊತೆಗೆ ಹಸಿವು, ರೋಗ, ಮಿತಿಮೀರಿದ ದುಡಿಮೆಯೂ ಅವರ ಜೀವ ತೆಗೆದವು. ಹಾಗಾಗಿ ‘ಕೊಂದ’ ಎಂಬ ಒಂದೇ ಕ್ರಿಯಾಪದ ಇಲ್ಲಿ ಸಾಲದು.

‘ಹುಚ್ಚನೊಬ್ಬ’ ಎಂಬ ಮಾತನ್ನಂತೂ ನಾನು ಒಪ್ಪಲಾರೆ. ನಾಮ್ ಪೆನ್‌ನ ಟೂಲ್ ಸ್ಲೆಂಗ್ ಮೊದಲು ಪ್ರೌಢಶಾಲೆಯಾಗಿತ್ತು. ಅದನ್ನು ಎಸ್-21 ಎಂಬ ಸೆರೆಮನೆಯಾಗಿ ಮಾಡಿದರು. ಅದನ್ನು ನಡೆಸಿದ ಡುಚ್ ಹಿಂದೆ ಗಣಿತದ ಮೇಷ್ಟರಾಗಿದ್ದವನು. ಅಲ್ಲಿಗೆ ತಂದವರ ಫೋಟೊ ತೆಗೆದು, ಹಿಂಸಿಸಿ ಬರೆಸಿಕೊಂಡ ತಪ್ಪೊಪ್ಪಿಗೆಗಳನ್ನು ಕಡತಗಳಲ್ಲಿ ಜೋಡಿಸಿಟ್ಟು, ಬಹುಪಾಲು ಎಲ್ಲರನ್ನೂ ಕೊಂದರು. ಆ ಫೋಟೊಗಳು ಸಾವಿರಾರು ಉಳಿದಿವೆ, ಒಂದೊಂದು ಮುಖವೂ ಸ್ಪಷ್ಟವಾಗಿದೆ. ಒಬ್ಬನನ್ನು ಉಳಿಸಬೇಕಿದ್ದ ಫೋಟೊ ಕಾಗದದ ಮೇಲೆ ನಿಲ್ಲಲಿಲ್ಲ, ಕೊಲ್ಲುವ ಮೊದಲು ತೆಗೆದ ಫೋಟೊಗಳು ಇಂದಿಗೂ ನಿಂತಿವೆ. ಇದನ್ನೆಲ್ಲ ಒಬ್ಬನ ಹುಚ್ಚಿಗೆ ಕಟ್ಟಿದರೆ ಕ್ಯಾಮೆರಾ ಹಿಡಿದವನು, ನಂಬರ್ ಬರೆದವನು, ಕಡತ ಹೊಲಿದವನು ಎಲ್ಲರೂ ನಿಮ್ಮ ವಾಕ್ಯದಿಂದ ತಪ್ಪಿಸಿಕೊಂಡು ಹೋಗುತ್ತಾರೆ. ವಿಶ್ವಸಂಸ್ಥೆಯ ಬೆಂಬಲದ ನ್ಯಾಯಾಲಯ ಡುಚ್‌ನನ್ನು 2010ರಲ್ಲಿ ಅಪರಾಧಿಯೆಂದು ಘೋಷಿಸಿತು, 2012ರಲ್ಲಿ ಅವನ ಶಿಕ್ಷೆ ಜೀವಾವಧಿಗೆ ಏರಿತು. ಅದು ಹುಚ್ಚನಿಗೆ ಕೊಡುವ ಶಿಕ್ಷೆಯಲ್ಲ.

ನಟನೆಯನ್ನು ‘ಅದ್ಭುತ’ ಎಂದಿದ್ದೀರಿ. ಪ್ರಾನ್ ಪಾತ್ರ ಮಾಡಿದ ಹೈಂಗ್ ಙೋರ್ ಅದಕ್ಕೆ ಮೊದಲು ನಟಿಸಿದವರೇ ಅಲ್ಲ, ಕಾಂಬೋಡಿಯಾದ ವೈದ್ಯರು. ಖಮೇರ್ ರೂಜ್‌ನವರು ಓದಿದವರನ್ನು ಹುಡುಕಿ ಕೊಲ್ಲುತ್ತಿದ್ದ ಕಾರಣ ತಾವು ವೈದ್ಯರೆಂಬುದನ್ನೇ ಮುಚ್ಚಿಟ್ಟು ಬದುಕುಳಿದವರು. ಅವರ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಪಕ್ಕದಲ್ಲಿದ್ದರೂ ಶಸ್ತ್ರಚಿಕಿತ್ಸೆ ಮಾಡುವಂತಿರಲಿಲ್ಲ. ಆ ಪಾತ್ರಕ್ಕೆ ಅವರಿಗೆ ಆಸ್ಕರ್ ಬಂತು. ಇದನ್ನು ತಿಳಿದು ಇನ್ನೊಮ್ಮೆ ಚಿತ್ರ ನೋಡಿ, ‘ಅದ್ಭುತ’ ಎಂಬ ಪದ ನಿಮಗೇ ಬೇಡವಾಗುತ್ತದೆ.

ಫೋಟೊ ದೃಶ್ಯದಿಂದಲೇ ಆರಂಭಿಸಿ ಹೊಸದಾಗಿ ಬರೆಯಿರಿ. ಮೊದಲ ಪುಟದಲ್ಲಿ ‘ನಾನು’ ಬರುವುದು ಬೇಡ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ಬಿಟ್ಟಿರುತ್ತೇನೆ.

ನಿಮ್ಮ,
ಸಂಪಾದಕ